ಹುಣಸೆಹಣ್ಣು ಚೀಪಿ ಉಗುಳಿದ ವರ್ಷ

ಮೊನ್ನೆ ಕೆ.ಆರ್. ಪುರದಲ್ಲಿ ಮಗಳು ಸರೋಜನ ಮನೆ ತಾರಸಿ ಮೇಲೆ ಕೂತು ಹೊಸ ಹುಣಸೆಹಣ್ಣು ಬಿಡಿಸುತ್ತಿದ್ದೆ. ಸಿಪ್ಪೆ ಒಂದು ಕಡೆ, ನಾರು ಒಂದು ಕಡೆ, ಜಜ್ಜಿ ತೆಗೆದ ಬೀಜ ಒಂದು ಕಡೆ. ಬಿಸಿಲಿಗೆ ಹುಳಿವಾಸನೆ ಎದ್ದು ಬಾಯಲ್ಲಿ ನೀರು ತುಂಬಿತು. ನಾನು ಕೈ ನಿಲ್ಲಿಸಿ ನಾಲಿಗೆಯನ್ನ ಅಂಗುಳಕ್ಕೆ ಒತ್ತಿ ನೋಡಿಕೊಂಡೆ. ಸರೋಜ ನೋಡಿಬಿಟ್ಟಳು.

"ಏನಮ್ಮಾ, ಇನ್ನೂ ಟೆಸ್ಟ್ ಮಾಡ್ಕೋತೀಯಾ?" ಅಂತ ನಕ್ಕಳು.

ಇದೇ ಹುಣಸೆಹಣ್ಣಿನಿಂದ ನಾಲ್ಕು ವರ್ಷದ ಹಿಂದೆ ನಾನು ಒಂದು ದೊಡ್ಡಾಸ್ಪತ್ರೆಯ ಪರೀಕ್ಷೆ ಕೆಡಿಸಿದ್ದೆ. ಒಂದು ಮೇ ತಿಂಗಳಿಂದ ಇನ್ನೊಂದು ಮೇ ತಿಂಗಳವರೆಗೆ, ಆ ಒಂದು ವರ್ಷದ ವಿಷಯ ಬರೆಯುತ್ತೇನೆ. ಬರಿ ಅಂತ ಹೇಳಿದ್ದು ಆಗ ನನ್ನನ್ನ ನೋಡಿದ ಡಾಕ್ಟ್ರಮ್ಮ. ನಾನು ಓದಿದ್ದು ಮೂರನೇ ಕ್ಲಾಸು, ಅವಸರ ಮಾಡಬೇಡಿ.

ನಾವು ಇಸ್ತ್ರಿಯವರು. ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಗುಲ್‌ಮೊಹರ್ ಮರದ ಕೆಳಗೆ ನಮ್ಮ ಗಾಡಿ. ನನ್ನ ಗಂಡ ಮುನಿವೆಂಕಟಪ್ಪ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತಾರೆ. ಮೂವತ್ತೆಂಟು ವರ್ಷ ಹೇಳದೆ ಇದ್ದೆ. ಆದರೂ ಹೋದ. ಈಗ ಹೇಳುತ್ತೇನೆ.

ಅವನದು ಒಂದು ಇಸ್ತ್ರಿ ಪೆಟ್ಟಿಗೆ, ನನ್ನದು ಒಂದು ಪೆಟ್ಟಿಗೆ. ಎರಡೂ ಇದ್ದಿಲಿನವು. ಪೆಟ್ಟಿಗೆ ಕಾದಿದೆಯಾ ಅಂತ ನೋಡೋಕೆ ಅವನು ನೀರು ಚಿಮುಕಿಸುತ್ತಿದ್ದ. ನಾನು ಬೆರಳನ್ನ ನಾಲಿಗೆಗೆ ಮುಟ್ಟಿಸಿ ಪೆಟ್ಟಿಗೆ ತಳಕ್ಕೆ ಸರಕ್ಕನೆ ತಾಗಿಸುತ್ತೇನೆ. ಚುಂಯ್ ಅನ್ನಬೇಕು. ಆ ಸದ್ದಲ್ಲೇ ಗೊತ್ತಾಗುತ್ತೆ, ಇದು ಹತ್ತಿಗೆ ಆಗುತ್ತಾ, ರೇಷ್ಮೆಗೆ ಆಗುತ್ತಾ ಅಂತ. "ಇಂದಿರಾನಗರದ ಬಟ್ಟೆಗೆಲ್ಲಾ ನಿನ್ನ ಎಂಜಲು ಕಣೇ," ಅಂತ ಅವನು ರೇಗಿಸುತ್ತಿದ್ದ. ನಮ್ಮ ಎದುರು ಕಾಂಪೌಂಡಿಗೆ ಒರಗಿ ಹೂ ಕಟ್ಟುತ್ತಾ ಕೂರೋ ಹಲಸೂರಿನ ಸೆಲ್ವಿ ಅದಕ್ಕೆ ನಗುತ್ತಿದ್ದಳು. ಸೆಲ್ವಿಗೆ ಎಲ್ಲದಕ್ಕೂ ನಗು.

ಮೇ ತಿಂಗಳ ಮಧ್ಯ. ನಾಲ್ಕು ಗಂಟೆ ಹೊತ್ತು. ಮೋಡ ಕಟ್ಟಿ ಗಾಳಿ ಎದ್ದಿತ್ತು. ಮುನಿವೆಂಕಟಪ್ಪ ಟಾರ್ಪಾಲು ಬಿಚ್ಚೋಕೆ ಹೋದ. "ಇರು, ಕೆಂಡ ಚೆನ್ನಾಗಿದೆ. ಎರಡು ರೇಷ್ಮೆ ಸೀರೆ ಉಳಿದಿದೆ, ಮುಗಿಸಿಬಿಡೋಣ," ಅಂದೆ. ಎದುರು ಮಹಡಿ ಮನೆಗೆ ಗಂಟು ಕೊಟ್ಟು ಬರೋಕೆ ಹೋದೆ. ಕೊಟ್ಟು ಮೆಟ್ಟಿಲು ಇಳಿಯುತ್ತಿದ್ದಾಗ ಟಕ್ ಅಂತು. ಮರದ ಒಂದು ಕವಲು ಗಾಡಿ ಮೇಲೆ ಬಿದ್ದಿತ್ತು. ಹಸಿ ಎಲೆ ವಾಸನೆ ರಸ್ತೆ ತುಂಬಾ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಉಳಿಯಲಿಲ್ಲ ಅವನು.

ತಿಥಿ ಕಾರ್ಯ ಮುಗಿಸಿ ಸರೋಜ ನನ್ನನ್ನ ಟಿನ್ ಫ್ಯಾಕ್ಟರಿ ಹಿಂದಿನ ತನ್ನ ಮನೆಗೆ ಕರಕೊಂಡು ಬಂದಳು. ನನ್ನ ಪೆಟ್ಟಿಗೆ ಮಂಚದ ಕೆಳಗೆ ಬಂತು. ನಾನು ಅಳಲಿಲ್ಲ. ಜನ ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ. ಮೈ ಒಳಗೆ ಏನೋ ಬೇರೆ ನಡೀತಿತ್ತು. ಅಲ್ಲಿ ಹಗಲೂ ರಾತ್ರಿ ಬಸ್ಸು, ಲಾರಿ, ಹಾರನ್ನು. ಅದಕ್ಕೆಲ್ಲ ನಾನು ಬೆದರಲಿಲ್ಲ. ಪಕ್ಕದ ಮನೆಯವರು ಕೊತ್ತಂಬರಿ ಸೊಪ್ಪು ಒದರಿದರೆ ಎದೆ ಡಬಡಬ ಅನ್ನುತ್ತಿತ್ತು. ನಿದ್ದೆ ಹತ್ತಿರ ಬರಲಿಲ್ಲ. ಬಾಯಿ ಸದಾ ಒಣಗಿ, ನಾಲಿಗೆ ಹಳೇ ಚಪ್ಪಲಿ ಥರಾ. ಊಟ ಇಳಿಯಲ್ಲ. ಆರು ತಿಂಗಳಲ್ಲಿ ರವಿಕೆ ಎಲ್ಲ ಸಡಿಲವಾದವು.

ರಸ್ತೆಯಲ್ಲಿ ಮರ ಇದ್ದರೆ ನಾನು ಪಕ್ಕದಲ್ಲಿ ನಡೆಯುತ್ತಿರಲಿಲ್ಲ, ನಟ್ಟನಡುವೆ ನಡೆಯುತ್ತಿದ್ದೆ. ಒಂದು ಸಲ ಆಟೋದವನು ತಲೆ ಹೊರಗೆ ಹಾಕಿ "ಏನಜ್ಜಿ, ರೋಡು ನಿಮ್ಮಪ್ಪಂದಾ?" ಅಂದ. "ಮರ ನಿಮ್ಮಪ್ಪಂದಾ? ಬಿದ್ರೆ ಹಿಡ್ಕೋತೀಯಾ?" ಅಂದೆ. ಅವನು ಮರ ನೋಡಿದ, ನನ್ನ ನೋಡಿದ, ಸುತ್ತು ಹಾಕಿಕೊಂಡು ಹೋದ.

ಸೆಲ್ವಿ ನೋಡೋಕೆ ಬಂದಳು. ಬರುವಾಗ ಹಲಸೂರಿನ ಗುಡಿಯಿಂದ ತಾಯತ ತಂದು ನನ್ನ ತೋಳಿಗೆ ಕಟ್ಟಿದಳು. "ಭಯ ಬಿಟ್ಟೋಗುತ್ತೆ ಅಕ್ಕಾ," ಅಂದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಜ್ಯೂಸು ಗಾಡಿಯೋನು ಒಬ್ಬ ನಿಮ್ಮ ಜಾಗ ಕೇಳ್ತಾವ್ನೆ. ನಾನು ನನ್ನ ಹೂವಿನ ಬುಟ್ಟಿ ಅಲ್ಲಿಟ್ಟು ಕೂತ್ಬಿಟ್ಟಿದೀನಿ. ಅಕ್ಕ ಬರ್ತಾರೆ, ಹೋಗಯ್ಯಾ ಅಂದೆ. ಬರ್ತೀಯಾ ತಾನೆ?" ಅಂದಳು. ಉಳಿದ ಅರ್ಧ ಮರದ ಕೆಳಗೆ ಅವಳೇ ಕೂತಿದ್ದಾಳೆ ಅಂತ ಕೇಳಿಯೇ ನನಗೆ ಬೆವರು ಬಂತು.

ಸರೋಜ, "ಇನ್ನೇನು ಗಾಡಿ ಅಮ್ಮ, ಯಾರಾದ್ರೂ ತಗೊಂಡೋಗ್ಲಿ, ಮನೇಲಿ ಇರು," ಅಂದಳು. ಅವಳು ಹೇಳಿದ್ದು ಒಳ್ಳೆ ಮಾತೇ. ಆದರೆ ನಾನು ಹತ್ತನೇ ವಯಸ್ಸಿನಿಂದ ಕೈಯಲ್ಲಿ ಪೆಟ್ಟಿಗೆ ಹಿಡಿದವಳು. ಸೊಸೆಯಾಗಿದ್ದೂ ಪೆಟ್ಟಿಗೆ ಹಿಡಿದೇ, ತಾಯಿಯಾಗಿದ್ದೂ ಪೆಟ್ಟಿಗೆ ಹಿಡಿದೇ. ಮನೇಲಿ ಕೂತು ನಾನು ಯಾರು ಅಂತ ಇರಲಿ?

ಒಂದು ದಿನ ಸರೋಜ ಅಡಿಗೆಮನೆಯಲ್ಲಿ ಸಾರಿಗೆ ನುಗ್ಗೆಕಾಯಿ ಮುರಿಯುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಟಕ್ ಅಂತು. ಆಮೇಲೆ ನನಗೆ ಗೊತ್ತಾಗಿದ್ದು, ನಾನು ಸರೋಜನ ಸೊಂಟ ಹಿಡಿದು ಕಲ್ಲುಕಟ್ಟೆ ಕೆಳಗೆ ಎಳಕೊಂಡು ಅವಳ ಮೇಲೆ ಬಿದ್ದಿದ್ದೆ. ಒಲೆ ಮೇಲಿನ ಬೇಳೆ ಪಾತ್ರೆ ಉರುಳಿ ಅವಳ ಮುಂಗೈ ಬೆಂದುಹೋಗಿತ್ತು. "ನುಗ್ಗೆಕಾಯಿ ಅಮ್ಮ, ನುಗ್ಗೆಕಾಯಿ," ಅಂತ ಅವಳು ಅಳುತ್ತಾ ಹೇಳುತ್ತಿದ್ದಳು. ಆ ಕಲೆ ಇವತ್ತಿಗೂ ಇದೆ. ಆವತ್ತು ನಾನೇ ಅಂದೆ, ನಡಿ ಆಸ್ಪತ್ರೆಗೆ ಅಂತ.

ಎದೆ ಡಾಕ್ಟ್ರು ಎದೆಗೆ ವೈರು ಅಂಟಿಸಿ ನೋಡಿ, "ಹಾರ್ಟು ಚೆನ್ನಾಗಿದೆ ಅಜ್ಜಿ, ಮನಸ್ಸಿನ ಡಾಕ್ಟ್ರ ಹತ್ರ ಹೋಗಿ," ಅಂದರು. ನನಗೆ ಸಿಟ್ಟು ಬಂತು. ಬಡಿಯೋದು ಎದೆ, ನೋಡೋದು ತಲೆಯಾ?

ಮನಸ್ಸಿನ ಡಾಕ್ಟ್ರು ಶಿವಾಜಿನಗರದ ಹುಡುಗಿ. ನಸ್ರೀನ್ ಅಂತ. ನನ್ನ ಸರೋಜನಿಗಿಂತ ಚಿಕ್ಕವಳು. ತಲೆಗೆ ಕಟ್ಟಿದ ಬಟ್ಟೆ ಅಚ್ಚುಕಟ್ಟಾಗಿ ಇಸ್ತ್ರಿ ಆಗಿತ್ತು, ಅದು ನೋಡಿ ಸ್ವಲ್ಪ ಮರ್ಯಾದೆ ಹುಟ್ಟಿತು. ಎಲ್ಲ ಕೇಳಿದಳು. ಕೊನೆಗೆ, "ನಿಮಗೇನಾಗ್ಬೇಕು ಅಜ್ಜಿ?" ಅಂದಳು. ಅಷ್ಟು ದಿನದಲ್ಲಿ ಯಾರೂ ಅದನ್ನ ಕೇಳಿರಲಿಲ್ಲ.

"ಆ ಮರದ ಕೆಳಗೆ ನಿಂತು ಇಸ್ತ್ರಿ ಮಾಡ್ಬೇಕು."

"ಮಾಡೋಣ," ಅಂದಳು. ಆಗುತ್ತೆ ಅಂತಲೂ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ.

ಒಂದು ಮಾತ್ರೆ ಬರೆದಳು. ಇಷ್ಟು ತೂಕ ಇಳಿದಿದೆ, ಸುಸ್ತು ಬೇರೆ, ಕಾರ್ಟಿಸೋಲ್ ಅಂತ ಒಂದು ರಸ ಇದೆ, ಅದನ್ನ ಮಾಡೋ ಗ್ರಂಥಿ ಸರಿಯಾಗಿದೆಯಾ ನೋಡಬೇಕು ಅಂತ ನಾಲ್ಕು ಪುಟ್ಟ ಕೊಳವೆ ಕೊಟ್ಟಳು. ಎದ್ದ ತಕ್ಷಣ ಒಂದಕ್ಕೆ ಉಗುಳಬೇಕು, ಅರ್ಧ ಗಂಟೆ ಬಿಟ್ಟು ಒಂದಕ್ಕೆ, ಮಧ್ಯಾಹ್ನ ಒಂದಕ್ಕೆ, ಮಲಗೋ ಮುಂಚೆ ಒಂದಕ್ಕೆ. ಮುಂಚೆ ಏನೂ ತಿನ್ನಬಾರದು. ನಾನು ತಲೆ ಆಡಿಸಿದೆ.

ಮಾರನೇ ದಿನ ಕೊಳವೆ ಹಿಡಿದು ಕೂತೆ. ಉಗುಳು ಎಲ್ಲಿಂದ ಬರಬೇಕು? ಬಾಯಿ ಬೇಸಿಗೆ ಬಾವಿ. ಕ್ಯಾಕರಿಸಿದೆ, ಕೆನ್ನೆ ಹಿಂಡಿದೆ, ತಳ ಕೂಡ ಒದ್ದೆಯಾಗಲಿಲ್ಲ. ಖಾಲಿ ಕೊಟ್ಟರೆ ಆ ಹುಡುಗಿ ಏನಂದುಕೊಳ್ಳಬೇಕು? ಸರೋಜನ ಡಬ್ಬಿಯಿಂದ ಒಂದು ಚೂರು ಹುಣಸೆಹಣ್ಣು ತೆಗೆದು ದವಡೆಗೆ ಇಟ್ಟುಕೊಂಡೆ. ತಿನ್ನಬಾರದು ಅಂದಿದ್ದಳು, ನಾನು ತಿನ್ನಲಿಲ್ಲ, ಚೀಪಿದೆ. ನಾಲ್ಕು ಹೊತ್ತೂ ಹಾಗೇ ಮಾಡಿದೆ, ನಾಲ್ಕೂ ಕೊಳವೆ ಭರ್ತಿ.

ಹೊತ್ತು ಬರೆಯೋಕೆ ಚೀಟಿ ಅಂಟಿಸಿದ್ದರು. ಆ ಪುಟಾಣಿ ಜಾಗದಲ್ಲಿ ನನಗೆ ಬರೆಯೋಕೆ ಬರಲಿಲ್ಲ. ಬಟ್ಟೆಗೆ ಗುರುತು ಹಾಕೋ ದಾರ ಇತ್ತಲ್ಲ, ಎದ್ದ ಹೊತ್ತಿಗೆ ಬಿಳಿ, ಅರ್ಧ ಗಂಟೆಗೆ ಹಳದಿ, ಮಧ್ಯಾಹ್ನಕ್ಕೆ ಕೆಂಪು, ಮಲಗೋ ಹೊತ್ತಿಗೆ ಕಪ್ಪು ಅಂತ ಕಟ್ಟಿದೆ.

ಒಂದು ವಾರ ಬಿಟ್ಟು ಹೋದರೆ ಡಾಕ್ಟ್ರಮ್ಮ ಕಾಗದ ಹಿಡಿದು ಹುಬ್ಬು ಗಂಟು ಹಾಕಿ ಕೂತಿದ್ದಳು.

"ಅಜ್ಜಿ, ಲ್ಯಾಬಿನೋರು ಇದು ಮನುಷ್ಯರ ಎಂಜಲಾ, ಹುಳಿಸಾರಾ ಅಂತ ಕೇಳ್ತಿದಾರೆ. ಏನು ಹಾಕಿದ್ರಿ?"

"ಏನೂ ಹಾಕಿಲ್ಲ. ಹುಣಸೆಹಣ್ಣು ಚೀಪಿದೆ ಅಷ್ಟೆ."

ಸರೋಜ ಹಣೆ ಚಚ್ಚಿಕೊಂಡಳು. ಡಾಕ್ಟ್ರಮ್ಮ "ಯಾ ಅಲ್ಲಾ," ಅಂತ ಮೇಜಿನ ಮೇಲೆ ತಲೆ ಇಟ್ಟು ನಕ್ಕಳು. ಹುಳಿ ಬಿದ್ದರೆ ಆ ಪರೀಕ್ಷೆ ಕೆಟ್ಟುಹೋಗುತ್ತಂತೆ. ಆಮೇಲೆ ನಗು ನಿಲ್ಲಿಸಿ, "ಬಾಯಿ ಅಷ್ಟು ಒಣಗುತ್ತಾ? ಯಾವಾಗ ಜಾಸ್ತಿ?" ಅಂತ ಕೇಳಿದಳು. ಎಲೆ ಅಲ್ಲಾಡಿದರೆ, ಮಳೆ ವಾಸನೆ ಬಂದರೆ, ಅವನ ಹೆಸರು ಎತ್ತಿದರೆ ಅಂದೆ. ಆಗ ಅವಳು ಕುರ್ಚಿ ಹತ್ತಿರ ಎಳಕೊಂಡು ಹೇಳಿದಳು. ನನಗೆ ಅರ್ಥವಾದಷ್ಟು ಬರೆಯುತ್ತೇನೆ.

"ಮರ ಬಿದ್ದ ದಿನ ನಿಮ್ಮ ಮೈಯಲ್ಲಿ ಅಡ್ರಿನಲಿನ್ ಅನ್ನೋ ರಸ ಉಕ್ಕಿತು ಅಜ್ಜಿ. ಓಡು, ಇಲ್ಲಾ ಹೊಡಿ ಅನ್ನೋ ರಸ. ಎದೆ ಬಡಿಯುತ್ತೆ, ಕೈಕಾಲಿಗೆ ರಕ್ತ ನುಗ್ಗುತ್ತೆ. ಆ ಹೊತ್ತಲ್ಲಿ ಊಟಕ್ಕೆ ಕೂರೋರು ಯಾರು? ಅದಕ್ಕೆ ಬಾಯಲ್ಲಿ ನೀರು ನಿಂತುಹೋಗುತ್ತೆ. ಅದರ ಹಿಂದೆ ಕಾರ್ಟಿಸೋಲ್ ಬರುತ್ತೆ. ಅದಕ್ಕೆ ಬೇಕಾದಷ್ಟು ಕೆಲಸ ಇದೆ. ಒಂದು ಕೆಲಸ, ಆಯ್ತು, ಸಾಕು, ಇನ್ನು ಇಳಿ ಅನ್ನೋದು."

"ಕಿಂಡಿ ಮುಚ್ಚೋದು," ಅಂದೆ.

"ಏನು?"

"ಇದ್ದಿಲು ಪೆಟ್ಟಿಗೆಗೆ ಬೆನ್ನಲ್ಲಿ ಒಂದು ಕಿಂಡಿ ಇರುತ್ತೆ, ತಿರುಗಿಸೋ ಮುಚ್ಚಳ ಇರುತ್ತೆ. ತೆಗೆದ್ರೆ ಗಾಳಿ ಹೋಗಿ ಕೆಂಡ ಉರಿಯುತ್ತೆ. ಮುಚ್ಚಿದ್ರೆ ತಣೀತದೆ."

"ಅದೇ! ನಿಮ್ಮ ಮುಚ್ಚಳ ಸರಿಯಾಗಿ ಕೂರ್ತಿಲ್ಲ. ಯಾರೋ ಸೊಪ್ಪು ಒದರಿದ್ರೆ ಮತ್ತೆ ಗಾಳಿ ಹಾಕಿದಂಗೆ. ಇದು ಹುಚ್ಚಲ್ಲ, ಪುಕ್ಕಲುತನಾನೂ ಅಲ್ಲ. ನಿಮ್ಮನ್ನ ಉಳಿಸೋಕೆ ಬಂದ ರಸ, ಹೋಗೋದು ಮರೆತಿದೆ."

ಆಮೇಲೆ ಮೇಜಿನ ಮೇಲಿದ್ದ ಒಂದು ಕೊಳವೆ ಎತ್ತಿ ದಾರ ಯಾಕೆ ಅಂತ ಕೇಳಿದಳು. ನಾನು ಹೇಳಿದೆ: ಒಂದೊಂದು ಮನೆ ಬಟ್ಟೆಗೆ ಒಂದೊಂದು ಬಣ್ಣದ ದಾರ. ಕಾಲರ್ ಒಳಗೆ, ಸೆರಗಿನ ಮೂಲೆಗೆ ಎರಡು ಹೊಲಿಗೆ. ಗುರುತಿಲ್ಲದ ಬಟ್ಟೆ ಯಾರ ಮನೆ ಗಂಟಿಗೆ ಬೇಕಾದರೂ ಸೇರಿಕೊಳ್ಳುತ್ತೆ.

ಅವಳು ಆ ದಾರವನ್ನ ಬೆರಳಲ್ಲಿ ತಿರುಗಿಸುತ್ತಾ, "ತಲೆಯೊಳಗೆ ಬಾದಾಮಿಯಷ್ಟು ಒಂದು ಗಂಟಿದೆ ಅಜ್ಜಿ, ಅಪಾಯ ಅಂತ ಕೂಗೋದು ಅದು. ಅದರ ಪಕ್ಕ ಇನ್ನೊಂದು ಜಾಗ, ನಡೆದಿದ್ದಕ್ಕೆಲ್ಲ ಇದು ಇಂಥ ದಿನದ್ದು, ಇಂಥ ಜಾಗದ್ದು ಅಂತ ಗುರುತು ಹಾಕೋದು. ರಸ ಉಕ್ಕಿದ ದಿನ ಬಾದಾಮಿ ಕೂಗಿದ ಜೋರಿಗೆ ಇದು ತಬ್ಬಿಬ್ಬಾಗುತ್ತೆ. ಆ ಟಕ್ ಅನ್ನೋ ಸದ್ದಿಗೆ ನಿಮ್ಮ ತಲೆಯಲ್ಲಿ ದಾರ ಬಿದ್ದಿಲ್ಲ. ಅದಕ್ಕೆ ಅದು ನುಗ್ಗೆಕಾಯಿ ಗಂಟಿಗೂ ಸೇರ್ಕೊಳ್ಳುತ್ತೆ," ಅಂದಳು.

ಕೆಲಸದವಳ ಮಾತು ಕೆಲಸದವಳಿಗೆ ಅರ್ಥವಾಗುತ್ತೆ. ತೋಳಿನ ತಾಯತ ಬಿಚ್ಚಬೇಕಾ ಅಂತ ಕೇಳಿದೆ. "ಇರಲಿ, ಮಾತ್ರೆ ಬಿಡ್ಬೇಡಿ," ಅಂದಳು.

ಪರೀಕ್ಷೆ ಇನ್ನೊಂದು ಸಲ ಮಾಡಬೇಕಾಯಿತು. ಈ ಸಲ ಹುಣಸೆಹಣ್ಣನ್ನ ಬಾಯಿಗೆ ಹಾಕದೆ ಎದುರಿಗಿಟ್ಟು ನೋಡಿ ಅಂತ ಹೇಳಿ ಕಳಿಸಿದಳು. ಬೆಳಿಗ್ಗೆ ತಟ್ಟೆಯಲ್ಲಿ ಹಣ್ಣು ಇಟ್ಟುಕೊಂಡು ನೆಟ್ಟಗೆ ನೋಡುತ್ತಾ ಕೂತಿದ್ದೆ. ಅಳಿಯ ಬಾಗಿಲಲ್ಲಿ ನಿಂತು, "ಅತ್ತೆ, ಮಂಗಳಾರತಿ ತರ್ಲಾ?" ಅಂದ. ಅಂತೂ ಅರ್ಧರ್ಧ ಕೊಳವೆ ಬಂತು. ಗ್ರಂಥಿಗೆ ಏನೂ ಆಗಿಲ್ಲ, ಬೆಳಗಿನ ಹೊತ್ತು ಮಾತ್ರ ರಸ ಸ್ವಲ್ಪ ಕಮ್ಮಿ ಅಂತ ಬಂತು. ಇದರಿಂದಲೇ ಕಾಯಿಲೆ ಹೇಳಕ್ಕಾಗಲ್ಲ, ಕೆಲವರಿಗೆ ಕಮ್ಮಿ ಇರುತ್ತೆ, ಕೆಲವರಿಗೆ ಇರಲ್ಲ ಅಂದಳು. "ನಿಮಗೆ ಕೊಳವೆ ಬೇಡ ಅಜ್ಜಿ. ನಾಲಿಗೆ ಅಂಗುಳಕ್ಕೆ ಒತ್ತಿ ನೋಡ್ಕೊಳ್ಳಿ. ಒಣಗಿದ್ರೆ ಭಯ ಏರಿದೆ. ಓಡ್ಬೇಡಿ. ಒದ್ದೆಯಾಗೋವರೆಗೂ ಅಲ್ಲೇ ನಿಲ್ಲಿ. ಏರಿದ್ದು ಇಳಿಯುತ್ತೆ ಅಂತ ತಲೆಗೆ ಗೊತ್ತಾಗ್ಬೇಕಾದ್ರೆ, ಇಳಿಯೋವರೆಗೂ ನಿಲ್ಲಬೇಕು."

ಮೊದಲು ನುಗ್ಗೆಕಾಯಿ. ದಿನಾ ನಾನೇ ಮುರಿಯಬೇಕು. ಮೊದಲ ದಿನ ಎರಡು ಮುರಿಯೋಕೆ ಅರ್ಧ ಗಂಟೆ ಹಿಡಿಯಿತು, ಸೀರೆ ಬೆವರಲ್ಲಿ ಒದ್ದೆ, ಬಾಯಿ ಮಾತ್ರ ಒಣ. ತಿಂಗಳು ಹೋಗೋ ಹೊತ್ತಿಗೆ ಹರಟೆ ಹೊಡೆಯುತ್ತಾ ಒಂದು ಕಟ್ಟು ಮುರಿಯುತ್ತಿದ್ದೆ. ದಿನಾ ನುಗ್ಗೆಕಾಯಿ ಸಾರು ಉಂಡು ಅಳಿಯ ಕೈ ಮುಗಿದ. ಆ ಹೊತ್ತಿಗೆ ಮಾತ್ರೆಯೂ ಕೆಲಸ ಶುರು ಮಾಡಿತ್ತು, ನಾಲ್ಕು ಗಂಟೆ ಒಟ್ಟಿಗೆ ನಿದ್ದೆ ಬರುತ್ತಿತ್ತು. ಆಮೇಲೆ ಆಸ್ಪತ್ರೆ ಅಂಗಳದ ಹೊಂಗೆಮರ. ಡಾಕ್ಟ್ರಮ್ಮ ತಾನೂ ಬಂದು ಪಕ್ಕದಲ್ಲಿ ನಿಂತಳು. ಎಲೆ ಸರಸರ ಅಂದಾಗ ನಾನು ಅವಳ ಕೈ ಹಿಡಿದ ಹಿಡಿತಕ್ಕೆ ಅವಳ ಬಳೆ ಒಡೆದು ಗಾಯವಾಯಿತು. ಕೈ ಬಿಡಿಸಿಕೊಳ್ಳಲಿಲ್ಲ. ಇದನ್ನ ನಾನು ಮರೆಯಲ್ಲ.

ಇನ್ನೊಂದು ಕೆಲಸ ಹೇಳೋದು. ಆ ದಿನವನ್ನ ಬೆಳಿಗ್ಗೆಯಿಂದ ಕೊನೆವರೆಗೆ ವರಸೆಯಾಗಿ ಹೇಳಬೇಕು, ಪ್ರತಿ ವಾರ. ಬೆಳಿಗ್ಗೆ ಏನು ತಿಂದಿರಿ, ಅವರು ಯಾವ ಅಂಗಿ ಹಾಕಿದ್ದರು. "ದಾರ ಹಾಕ್ತಿದೀವಿ ಅಜ್ಜಿ," ಅನ್ನುವಳು. ನಾನು ಪ್ರತಿ ಸಲ ಒಂದೇ ಕಡೆ ನಿಲ್ಲುತ್ತಿದ್ದೆ. ಅವನು ಟಾರ್ಪಾಲಿಗೆ ಕೈ ಹಾಕಿದ, ನಾನು ಇರು ಅಂದೆ. ನಾನು ಇರು ಅಂದೆ, ಅದಕ್ಕೆ ಅವನು ಸತ್ತ. ಅಲ್ಲಿಂದ ನೇರ ಟಕ್ ಅನ್ನೋದಕ್ಕೆ ಬಂದುಬಿಡುತ್ತಿದ್ದೆ.

ಎಷ್ಟನೇ ಸಲವೋ, ಹೇಳುತ್ತಾ ಹೇಳುತ್ತಾ ನಡುವೆ ಒಂದು ಚೂರು ಎದ್ದು ಬಂತು. ನಾನು ಇರು ಅಂದ ಮೇಲೆ ನಾನೇ ರೇಷ್ಮೆ ಸೀರೆಗೆ ಕೈ ಹಾಕಿದ್ದೆ. ಅವನು ಕಿತ್ತುಕೊಂಡ. "ಏಯ್, ರೇಷ್ಮೆ ನಾನು ಮಾಡ್ತೀನಿ, ನಿನ್ನ ಎಂಜಲು ಕೈ ಬೇಡ. ನೀನು ಗಂಟು ಕೊಟ್ಟು ಬಾ, ಮಳೆಗೆ ನೆಂದ್ರೆ ಆ ಮೇಡಂ ಬೈತಾರೆ," ಅಂದ. ನಾನು ಬೈದುಕೊಂಡೇ ಹೋದೆ.

ಅದನ್ನ ನಾನೇ ಕಟ್ಟಿಕೊಂಡೆನಾ ಅಂತ ಅನುಮಾನ. ಸಮಾಧಾನಕ್ಕೆ ಮನಸ್ಸು ಏನು ಬೇಕಾದರೂ ಹೆಣೆಯುತ್ತೆ. ಸೆಲ್ವಿಗೆ ಫೋನು ಮಾಡಿಸಿದೆ. "ಆವತ್ತು ನಾನು ಗಂಟು ತಗೊಂಡು ಹೋಗೋವಾಗ ಅವರು ಏನಂದ್ರು?" ಅಂತ ಅಷ್ಟೇ ಕೇಳಿದೆ, ಏನೂ ಎತ್ತಿಕೊಡಲಿಲ್ಲ.

"ಎಂಜಲು ಕೈ ಅಂದ್ರಲ್ಲ ಅಕ್ಕಾ ಅಣ್ಣ. ರೇಷ್ಮೆ ನಾನೇ ಮಾಡ್ತೀನಿ ಹೋಗು ಅಂದ್ರು. ನಾನು ನಕ್ಕೆ. ನಗ್ತಾ ಇದ್ದಂಗೇ ಆಯ್ತು. ಅದಕ್ಕೇ ನಿನ್ ಹತ್ರ ಹೇಳಿಲ್ಲ, ನಾನು ನಗ್ತಾ ಇದ್ನಲ್ಲ ಅಂತ." ಅವಳು ಅತ್ತಳು. ಅವಳಿಗೂ ಒಂದು ಗಂಟು ಇತ್ತು, ನಾನು ಕೇಳಿರಲಿಲ್ಲ.

ನಾನು ಇರು ಅಂದಿದ್ದೂ ನಿಜ, ಅವನು ಕಿತ್ತುಕೊಂಡಿದ್ದೂ ನಿಜ. ನಾನು ಹೋಗಿದ್ದು ಅವನು ಕಳಿಸಿದ್ದಕ್ಕೆ. ಡಾಕ್ಟ್ರಮ್ಮ "ನಿಮ್ಮ ತಪ್ಪಿಲ್ಲ" ಅಂತ ಒಂದು ಸಲವೂ ಬಾಯಿಮಾತಿಗೆ ಅನ್ನಲಿಲ್ಲ. ಪೂರ್ತಿ ದಿನವನ್ನ ನನ್ನ ಕೈಗೆ ಕೊಟ್ಟಳು. ಅದಕ್ಕೆ ನಾನು ಅವಳಿಗೆ ಋಣಿ.

ಮತ್ತೆ ಮೇ ಬಂತು. ಅಳಿಯ ಗಾಡಿ ರಿಪೇರಿ ಮಾಡಿಸಿದ್ದ. ಸರೋಜ, "ಮಳೆ ತಿಂಗಳು ಕಳೀಲಿ ಅಮ್ಮ," ಅಂದಳು. ಕಳೆದರೆ ಮತ್ತೆ ಹೋಗಲ್ಲ ಅಂತ ನನಗೆ ಗೊತ್ತಿತ್ತು. ಗಾಳಿ ಎದ್ದರೆ ಅಂಗಡಿ ಮುಚ್ಚಿ ಎದುರು ಮನೆ ಸಜ್ಜಾ ಕೆಳಗೆ ಹೋಗಬೇಕು ಅಂತ ಡಾಕ್ಟ್ರಮ್ಮ ಮಾತು ತಗೊಂಡಿದ್ದಳು. ಅದು ಭಯ ಅಲ್ಲ ಅಜ್ಜಿ, ಬುದ್ಧಿ ಅಂದಳು.

ಹೋದೆ. ಅರ್ಧ ಮರ ಕೆಂಪಗೆ ಹೂ ಬಿಟ್ಟಿತ್ತು, ನಾಚಿಕೆಗೆಟ್ಟ ಮರ. ಸೆಲ್ವಿ ಬುಟ್ಟಿ ಎತ್ತಿ ಪಕ್ಕಕ್ಕೆ ಸರಿದು, "ಒಂದು ವರ್ಷ ನಿನ್ ಜಾಗ ಕಾದು ನನ್ ಬೆನ್ನು ಹೋಯ್ತು ಅಕ್ಕಾ, ತಗೋ," ಅಂದಳು. ಹನ್ನೊಂದು ಗಂಟೆ ಬಿಸಿಲು. ಹಿಂದಿನ ದಿನದ ಮಳೆಗೆ ನೆಲ ಹಸಿ, ಎಲೆ ವಾಸನೆ ಇತ್ತು. ಇದ್ದಿಲು ತುಂಬಿದೆ, ಬೀಸಿದೆ, ಕೆಂಡ ಹಿಡಿಯಿತು. ಮೇಲೆ ರೆಂಬೆ ಕಿರ್ರ್ ಅಂತು. ಎದೆ ಹಾರಿತು. ನಾಲಿಗೆ ಒತ್ತಿದೆ, ಮರಳು. ಗಾಡಿ ಅಂಚು ಹಿಡಿದು ನಿಂತೆ. ಸೆಲ್ವಿ ಬುಟ್ಟಿಯನ್ನ ಮಡಿಲ ಹತ್ತಿರ ಎಳಕೊಂಡಳು. ಒಂದು ಮೊಳ ಹೂ ಕಟ್ಟಿದಳು. ಇನ್ನೊಂದು ಮೊಳ ಕಟ್ಟಿದಳು. ಎಷ್ಟು ಮೊಳ ಕಟ್ಟಿದಳೋ.

ಆಮೇಲೆ ಬೆರಳನ್ನ ನಾಲಿಗೆಗೆ ಮುಟ್ಟಿಸಿ ಪೆಟ್ಟಿಗೆ ತಳಕ್ಕೆ ತಾಗಿಸಿದೆ.

ಚುಂಯ್ ಅಂತು.

"ಎಂಜಲು ಕೈ," ಅಂದಳು ಸೆಲ್ವಿ.

ರೇಷ್ಮೆಯ ಕಾವು. ಗಂಟು ಬಿಚ್ಚಿ ಒಂದು ಸೀರೆ ತೆಗೆದೆ.